ಬಿ.ಕಾಂ. ಓದುವವರು ವ್ಯವಹಾರ ಕಲಿಯಲು ಎಲ್ಲಿಗೆ ಹೋಗಬೇಕು? ಅಂಗಡಿ, ಏಜೆನ್ಸಿ, ಆಡಿಟರ್ ಕಚೇರಿ, ಕಂಪನಿ, ಸ್ವಂತ ವ್ಯಾಪಾರ: ಒಂದು ಹೋಲಿಕೆ

ಬಿ.ಕಾಂ. ಐದನೇ ಸೆಮಿಸ್ಟರಿನ ವಿದ್ಯಾರ್ಥಿಗೆ ಜರ್ನಲ್ ಬರೆಯಲು ಬರುತ್ತದೆ, ಲೆಡ್ಜರಿಗೆ ಏರಿಸಲು ಬರುತ್ತದೆ, ತಾಳೆಪಟ್ಟಿ ತಾಳೆಯಾಗದಿದ್ದರೆ ತಪ್ಪು ಹುಡುಕಲೂ ಬರುತ್ತದೆ. ಅದೇ ವಿದ್ಯಾರ್ಥಿಯನ್ನು ದಾವಣಗೆರೆಯ ಮಂಡಿಪೇಟೆಯ ಅಂಗಡಿಯೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿ, ಒಳಗಿರುವ ನಲವತ್ತು ಸಾವಿರದಲ್ಲಿ ಮಾಲೀಕರ ಹಣ ಎಷ್ಟು, ನಾಳೆ ಬೆಳಿಗ್ಗೆ ಮಾಲು ಕಳಿಸಿದವರಿಗೆ ಹೋಗಬೇಕಾದ ಹಣ ಎಷ್ಟು ಎಂದು ಕೇಳಿದರೆ ಸುಮ್ಮನಾಗುತ್ತಾನೆ. ಈ ಪ್ರಶ್ನೆಗೆ ಉತ್ತರ ಪಠ್ಯಪುಸ್ತಕದಲ್ಲಿ ಇಲ್ಲವೆಂದಲ್ಲ. ಅಲ್ಲಿ ಅದು ‘ಸಾಲಗಾರರು’ (ನಮಗೆ ಹಣ ಕೊಡಬೇಕಾದವರು), ‘ಧನಿಗಳು’ (ನಾವು ಹಣ ಕೊಡಬೇಕಾದವರು) ಎಂಬ ಎರಡು ಸಾಲುಗಳಾಗಿ ಮಲಗಿರುತ್ತದೆ, ಅಂಗಡಿಯಲ್ಲಿ ಅದೇ ಸಾಲು ಬಾಗಿಲಲ್ಲಿ ಬಂದು ನಿಂತು ದುಡ್ಡು ಕೇಳುತ್ತದೆ.

ವಾಣಿಜ್ಯ ವಿಭಾಗದಲ್ಲಿ ಪಾಠ ಮಾಡುತ್ತ, ವಿದ್ಯಾರ್ಥಿಗಳ ಇಂಟರ್ನ್‌ಶಿಪ್ ವರದಿಗಳನ್ನು ವರ್ಷವರ್ಷವೂ ಓದುವುದು ನನ್ನ ಪಾಲಿನ ಕೆಲಸ. ದೊಡ್ಡ ಹೆಸರಿನ ಕಂಪನಿಗೆ ಹೋಗಿಬಂದವರ ವರದಿ ದಪ್ಪಗಿರುತ್ತದೆ, ಬಣ್ಣದ ಚಿತ್ರಗಳಿರುತ್ತವೆ, ಮೌಖಿಕ ಪರೀಕ್ಷೆಯಲ್ಲಿ ಮೂರನೇ ಪ್ರಶ್ನೆಗೆ ಮಾತು ನಿಲ್ಲುತ್ತದೆ. ಸಗಟು ಅಂಗಡಿಯಲ್ಲಿ ಎರಡು ತಿಂಗಳು ಚೀಲ ಎಣಿಸಿದವರ ವರದಿ ಹನ್ನೆರಡು ಪುಟ ಮೀರುವುದಿಲ್ಲ, ಆದರೆ ಅವರು ಬಾಯಿ ಬಿಟ್ಟರೆ ನಾನೇ ಟಿಪ್ಪಣಿ ಮಾಡಿಕೊಳ್ಳಬೇಕಾಗುತ್ತದೆ. ಎಲ್ಲರ ವಿಷಯದಲ್ಲೂ ಹೀಗೆಯೇ ಆಗುತ್ತದೆ ಎಂದು ಹೇಳಲಾರೆ. ಆದರೂ ಕೆಲಸದ ಜಾಗವನ್ನು ಹೆಸರಿನಿಂದ ಆರಿಸುವ ಅಭ್ಯಾಸ ತಪ್ಪು ಎಂಬುದರಲ್ಲಿ ನನಗೆ ಅನುಮಾನ ಉಳಿದಿಲ್ಲ.

ಜಾಗವನ್ನು ಅಳೆಯಲು ನಾನು ನೋಡುವುದು ಮೂರೇ ವಿಷಯ. ಅಲ್ಲಿ ವಿದ್ಯಾರ್ಥಿಗೆ ಮಾಲಿನ ಖರೀದಿ ದರ ತಿಳಿಯುತ್ತದೆಯೇ? ಉದ್ರಿ ಯಾರಿಗೆ, ಎಷ್ಟು ದಿನಕ್ಕೆ ಕೊಡಲಾಗುತ್ತದೆ, ಅದು ಹೇಗೆ ವಸೂಲಾಗುತ್ತದೆ ಎಂಬುದು ಕಣ್ಣಿಗೆ ಬೀಳುತ್ತದೆಯೇ? ತಾನು ಮಾಡಿದ ತಪ್ಪಿಗೆ ಎಷ್ಟು ರೂಪಾಯಿ ನಷ್ಟವಾಯಿತು ಎಂಬುದು ಅದೇ ವಾರದಲ್ಲಿ ಗೊತ್ತಾಗುತ್ತದೆಯೇ? ಭತ್ಯೆ, ಪ್ರಮಾಣಪತ್ರ, ಕುಳಿತುಕೊಳ್ಳುವ ಕುರ್ಚಿ ಇವೆಲ್ಲ ಆಮೇಲಿನ ಮಾತು. ಮುಂದಿನ ಹೋಲಿಕೆಯೆಲ್ಲ ಈ ಮೂರು ಪ್ರಶ್ನೆಗಳ ಸುತ್ತಲೇ ಇದೆ.

ಸಗಟು ಅಂಗಡಿ ಮತ್ತು ಕಿರಾಣಿ

ಅಂಗಡಿಯಲ್ಲಿ ಕಲಿಕೆ ಶುರುವಾಗುವುದು ಮಾಲಿನಿಂದ, ಲೆಕ್ಕದಿಂದಲ್ಲ. ಅಕ್ಕಿಯ ಸಗಟು ಅಂಗಡಿಯೊಂದಕ್ಕೆ ಸೇರಿದ ನಮ್ಮ ವಿದ್ಯಾರ್ಥಿಯೊಬ್ಬ ಮೊದಲ ದಿನವೇ ಕಂಪ್ಯೂಟರ್ ಎಲ್ಲಿದೆ ಎಂದು ಕೇಳಿದ್ದನಂತೆ. ಅಂಗಡಿಯ ಸಾವ್ಕಾರರು, “ತಮ್ಮಾ, ಬಿಲ್ ಹಾಕಾದು ಆಮ್ಯಾಲೆ ಕಲಿಯುವಂತಿ, ಮೊದ್ಲು ಈ ಚೀಲದಾಗ ಕೈ ಹಾಕಿ ಇದು ಸ್ಟೀಮ್ ಅಕ್ಕಿನೋ ರಾ ಅಕ್ಕಿನೋ ಹೇಳು” ಎಂದರು. ಅವನಿಗೆ ಹೇಳಲಾಗಲಿಲ್ಲ. ಮೂರು ವಾರದ ನಂತರ ಅವನು ಹೊಸ ಅಕ್ಕಿಗೂ ಹಳೆಯ ಅಕ್ಕಿಗೂ ಇರುವ ಬೆಲೆಯ ಅಂತರ ಯಾಕೆ ಬರುತ್ತದೆ, ಆರು ತಿಂಗಳು ಗೋದಾಮಿನಲ್ಲಿ ಇಟ್ಟರೆ ಬಾಡಿಗೆ, ಬಡ್ಡಿ ಮತ್ತು ತೂಕದಲ್ಲಿ ಆಗುವ ಇಳಿತವನ್ನು ಕಳೆದು ಎಷ್ಟು ಉಳಿಯುತ್ತದೆ ಎಂದು ಬೆರಳಿನ ಮೇಲೆ ಲೆಕ್ಕ ಹಾಕಿ ತೋರಿಸಿದ. ಪಠ್ಯದಲ್ಲಿ ನಾವು ದಾಸ್ತಾನಿನ ವೆಚ್ಚ ಎಂದು ಅರ್ಧ ಪುಟದಲ್ಲಿ ಮುಗಿಸುವ ವಿಷಯ ಅದು.

ಮೂರು ಪ್ರಶ್ನೆಗಳಿಗೂ ಅಂಗಡಿಯ ಉತ್ತರ ಚೆನ್ನಾಗಿದೆ, ಆದರೆ ತಕ್ಷಣಕ್ಕಲ್ಲ. ಖರೀದಿ ದರವನ್ನು ಯಾವ ಮಾಲೀಕರೂ ಮೊದಲ ವಾರದಲ್ಲಿ ಹೇಳುವುದಿಲ್ಲ, ಹೇಳಬೇಕೆಂದು ಕೇಳುವುದೂ ಸರಿಯಲ್ಲ. ಲಾರಿಯಿಂದ ಮಾಲು ಇಳಿಯುವಾಗ ಚೀಟಿ ಹಿಡಿದು ಎಣಿಸುವ ಕೆಲಸ ಕೇಳಿ ಪಡೆದರೆ ಹಮಾಲಿ ಎಷ್ಟು, ಬಾಡಿಗೆ ಎಷ್ಟು, ಹರಿದ ಚೀಲಕ್ಕೆ ಯಾರು ಹೊಣೆ ಎಂಬುದು ತಾನಾಗಿ ತಿಳಿಯುತ್ತದೆ, ಬಿಲ್ಲು ಆಮೇಲೆ ಕೈಗೆ ಬರುತ್ತದೆ. ಹಳೆಯ ಅಂಗಡಿಗಳಲ್ಲಿ ಇಂದಿಗೂ ಕಿರ್ದಿ (ದಿನವಹಿ) ಮತ್ತು ಖಾತೆ ಪುಸ್ತಕಗಳನ್ನು ಕೈಯಿಂದ ಬರೆಯುವವರಿದ್ದಾರೆ. ದೀಪಾವಳಿಯ ಸಮಯದಲ್ಲಿ ಹೊಸ ಪುಸ್ತಕಕ್ಕೆ ಪೂಜೆಯಾಗುತ್ತದೆ, ತೆರಿಗೆಯ ವರ್ಷ ಮಾತ್ರ ಏಪ್ರಿಲ್ 1ಕ್ಕೆ ಶುರುವಾಗುತ್ತದೆ. ಕಿರ್ದಿಯ ಒಂದು ಪುಟವನ್ನು ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನ ಡೇಬುಕ್ಕಿನ ಪಕ್ಕದಲ್ಲಿಟ್ಟು ನೋಡಿದವರಿಗೆ ಎರಡೂ ಒಂದೇ ಕೆಲಸ ಮಾಡುತ್ತಿವೆ ಎಂಬುದು ಕಾಣುತ್ತದೆ, ತರಗತಿಯಲ್ಲಿ ಇದನ್ನು ನಂಬಿಸಲು ನನಗೆ ಒಂದು ವಾರ ಬೇಕಾಗುತ್ತದೆ.

ಉದ್ರಿಯ ವಿಷಯದಲ್ಲಿ ನನ್ನದೇ ಕಥೆಯೊಂದನ್ನು ಹೇಳಬೇಕು. ಪದವಿ ಓದುವಾಗ ನಾನು ಸಂಜೆಯ ಹೊತ್ತು ಒಂದು ಸಗಟು ಅಂಗಡಿಯಲ್ಲಿದ್ದೆ. ಮಾಲೀಕರು ಊಟಕ್ಕೆ ಹೋದಾಗ ಹಳ್ಳಿಯ ಅಂಗಡಿಯವರೊಬ್ಬರು ಬಂದು, ‘ಸಾವ್ಕಾರ್ರಿಗೆ ಗೊತ್ತು, ಬರ್ಕಳಪ್ಪ’ ಎಂದು ನಾಲ್ಕು ಚೀಲ ಸಕ್ಕರೆ ಒಯ್ದರು. ಮಾಲೀಕರಿಗೆ ಅವರು ಗೊತ್ತಿದ್ದದ್ದು ನಿಜ. ಹಳೆಯ ಬಾಕಿ ಕೊಡದ ಕಾರಣಕ್ಕೆ ಉದ್ರಿ ನಿಲ್ಲಿಸಿದ್ದೂ ನಿಜ. ಮಾಲೀಕರು ನನ್ನನ್ನು ಬೈಯಲಿಲ್ಲ. ನನ್ನ ಅಕ್ಷರದಲ್ಲೇ ಆ ಹೆಸರನ್ನು ಖಾತೆಗೆ ಬರೆಸಿ, ಪ್ರತಿ ಶನಿವಾರ ಬಸ್ಸು ಹತ್ತಿ ವಸೂಲಿಗೆ ಹೋಗು ಎಂದರು. ಸಕ್ಕರೆಯ ಹಣ ಪೂರ್ತಿ ಬರಲು ನಾಲ್ಕು ತಿಂಗಳು ಹಿಡಿಯಿತು, ಬಸ್ಸಿನ ಖರ್ಚು ನನ್ನದೇ. ಸಂಶಯಾಸ್ಪದ ಸಾಲಗಳ ಬಗ್ಗೆ ಇಂದು ಪಾಠ ಮಾಡುವಾಗಲೂ ನನಗೆ ಆ ಹಳ್ಳಿಯ ಅಂಗಡಿಯ ಕಟ್ಟೆಯೇ ನೆನಪಾಗುತ್ತದೆ.

ಅಂಗಡಿಯ ಕೊರತೆಗಳೂ ಕಡಿಮೆಯಲ್ಲ. ಕೆಲಸದ ಹೊತ್ತು ನಿಗದಿಯಿಲ್ಲ. ತಿಂಗಳ ಮೊದಲ ವಾರ ಮತ್ತು ಹಬ್ಬದ ಹಿಂದುಮುಂದಿನ ದಿನಗಳಲ್ಲಿ ರಾತ್ರಿ ಒಂಬತ್ತಾದರೂ ಬಿಡುಗಡೆ ಸಿಗದು. ಮಾಲೀಕರಿಗೆ ಕಲಿಸುವ ಮನಸ್ಸಿಲ್ಲದಿದ್ದರೆ ನೀವು ಎರಡು ತಿಂಗಳು ಪೊಟ್ಟಣ ಕಟ್ಟುವ ಅಗ್ಗದ ಕೈಯಾಗಿ ಉಳಿಯುತ್ತೀರಿ. ವಿಶ್ವವಿದ್ಯಾಲಯ ಕೇಳುವ ಮಾದರಿಯ ಪ್ರಮಾಣಪತ್ರವನ್ನು ಕೆಲವರು ಬರೆದುಕೊಡಲು ಹಿಂಜರಿಯುತ್ತಾರೆ. ಸೇರುವ ಮೊದಲು ಈ ಮೂರನ್ನೂ ಮಾತಾಡಿಕೊಳ್ಳದಿದ್ದರೆ ಜಗಳ ಖಂಡಿತ.

ಡಿಸ್ಟ್ರಿಬ್ಯೂಟರ್ ಏಜೆನ್ಸಿ

ಬಿಸ್ಕತ್ತು, ಸೋಪು, ಎಣ್ಣೆ, ಮಸಾಲೆ ಪುಡಿಗಳನ್ನು ಕಂಪನಿಯಿಂದ ತರಿಸಿ ಅಂಗಡಿ ಅಂಗಡಿಗೆ ಮುಟ್ಟಿಸುವ ಏಜೆನ್ಸಿಗಳನ್ನು ವಿದ್ಯಾರ್ಥಿಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ನನ್ನ ದೃಷ್ಟಿಯಲ್ಲಿ ಎರಡು ತಿಂಗಳ ಅವಧಿಗೆ ಇದಕ್ಕಿಂತ ಒಳ್ಳೆಯ ಶಾಲೆ ಇನ್ನೊಂದಿಲ್ಲ, ಯಾಕೆಂದರೆ ಮೇಲೆ ಕಂಪನಿ, ಕೆಳಗೆ ಚಿಲ್ಲರೆ ಅಂಗಡಿ, ನಡುವೆ ಸಾಲ ಎಂಬ ಮೂರೂ ಪದರಗಳು ಒಂದೇ ಗೋದಾಮಿನಲ್ಲಿ ಕಾಣುತ್ತವೆ. ಬೆಳಿಗ್ಗೆ ಸೇಲ್ಸ್‌ಮನ್ ಜೊತೆ ಲೈನಿಗೆ ಹೋಗಿ ಆರ್ಡರ್ ಬರೆದುಕೊಳ್ಳುವುದು, ಮರುದಿನ ಗಾಡಿಯ ಜೊತೆ ಮಾಲು ಕೊಟ್ಟು ಹಳೆಯ ಬಿಲ್ಲಿನ ಹಣ ಕೇಳುವುದು, ಸಂಜೆ ಬಂದು ವಾಪಸ್ಸು ಬಂದ ಡ್ಯಾಮೇಜ್ ಮಾಲು ಮತ್ತು ಎಕ್ಸ್‌ಪೈರಿ ಮಾಲನ್ನು ಬೇರೆಬೇರೆ ಪಟ್ಟಿ ಮಾಡುವುದು, ಇಷ್ಟೇ ಕೆಲಸ.

ಇಲ್ಲಿ ಲಾಭದ ಅಂತರ ಬಹಳ ತೆಳು. ಅರ್ಥವಾಗಲೆಂದು ಶೇಕಡಾ 5 ಎಂದು ಇಟ್ಟುಕೊಳ್ಳಿ. ಐದು ಸಾವಿರ ರೂಪಾಯಿ ಬಾಕಿ ಇಟ್ಟುಕೊಂಡ ಒಂದು ಅಂಗಡಿ ಬಾಗಿಲು ಹಾಕಿಕೊಂಡು ಹೋದರೆ, ಆ ಐದು ಸಾವಿರವನ್ನು ಮರಳಿ ಗಳಿಸಲು ಇನ್ನೊಂದು ಲಕ್ಷ ರೂಪಾಯಿಯ ಮಾಲು ಮಾರಬೇಕು, ಅದೂ ಗಾಡಿಯ ಡೀಸೆಲ್ ಮತ್ತು ಹುಡುಗರ ಸಂಬಳವನ್ನು ಲೆಕ್ಕಕ್ಕೆ ಹಿಡಿಯದೆ. ಈ ಗುಣಾಕಾರವನ್ನು ಒಮ್ಮೆ ಗಾಡಿಯಲ್ಲಿ ಕುಳಿತು ಮಾಡಿದ ವಿದ್ಯಾರ್ಥಿ ‘ಸೇಲ್ಸ್ ಜಾಸ್ತಿಯಾದರೆ ಲಾಭ ಜಾಸ್ತಿ’ ಎಂದು ಉತ್ತರಪತ್ರಿಕೆಯಲ್ಲಿ ಮತ್ತೆ ಬರೆಯುವುದಿಲ್ಲ. ‘ಹನ್ನೆರಡಕ್ಕೆ ಒಂದು ಫ್ರೀ’ ಎಂಬ ಸ್ಕೀಮಿನಲ್ಲಿ ಅಂಗಡಿಯವರಿಗೆ ಸಿಗುವ ರಿಯಾಯಿತಿ ಹನ್ನೆರಡರಲ್ಲಿ ಒಂದಲ್ಲ, ಹದಿಮೂರರಲ್ಲಿ ಒಂದು, ಅಂದರೆ ಸುಮಾರು ಶೇಕಡಾ 7.7 ಎಂಬುದೂ ಇಲ್ಲೇ ತಿಳಿಯುವ ಮಾತು.

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾಗಿ ಬಿಸ್ಕತ್ತು, ಶಾಂಪೂ, ಟೂತ್‌ಪೇಸ್ಟ್, ಸ್ನಾನದ ಸೋಪಿನಂಥ ವಸ್ತುಗಳು ಶೇಕಡಾ 18ರಿಂದ 5ಕ್ಕೆ ಇಳಿದಾಗ ಏಜೆನ್ಸಿಗಳಲ್ಲಿದ್ದ ವಿದ್ಯಾರ್ಥಿಗಳು ಅದೃಷ್ಟವಂತರು ಎಂದೇ ಹೇಳಬೇಕು. ಗೋದಾಮಿನಲ್ಲಿದ್ದ ಮಾಲಿನ ಮೇಲೆ ಹಳೆಯ ಎಂಆರ್‌ಪಿ, ಗಿರಾಕಿಯ ಬಾಯಲ್ಲಿ ಹೊಸ ದರ, ಖರೀದಿಯಾದದ್ದು ಹಳೆಯ ತೆರಿಗೆಯಲ್ಲಿ. ಇವನ್ನು ಹೊಂದಿಸುವುದು ಹೇಗೆ ಎಂಬ ಗೊಂದಲವನ್ನು ಕಣ್ಣಾರೆ ಕಂಡವರಿಗೆ ಹೂಡುವಳಿ ತೆರಿಗೆ ಜಮೆ (ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಎಂಬ ಪದ ಬಾಯಿಪಾಠದ ವಸ್ತುವಾಗಿ ಉಳಿಯಲಿಲ್ಲ.

ಏಜೆನ್ಸಿಯ ದೊಡ್ಡ ಅಪಾಯ ನಗದು. ವಸೂಲಿಯ ಹಣವನ್ನು ವಿದ್ಯಾರ್ಥಿಯ ಕೈಗೆ ಕೊಟ್ಟು ಕಳಿಸುವ ಪದ್ಧತಿ ಕೆಲವು ಕಡೆ ಇದೆ. ಸಂಜೆ ಐನೂರು ರೂಪಾಯಿ ಕಡಿಮೆ ಬಂದರೆ ಯಾರ ತಲೆಗೆ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು; ಹಣ ಪಡೆದಾಗಲೂ ಒಪ್ಪಿಸಿದಾಗಲೂ ಸಹಿ ಇರಬೇಕು. ಬಿಸಿಲಿನಲ್ಲಿ ಬೈಕು ಓಡಿಸಬೇಕಾಗುತ್ತದೆ ಎಂಬ ದೂರನ್ನು ನಾನು ಗಂಭೀರವಾಗಿ ಪರಿಗಣಿಸುವುದಿಲ್ಲ, ಲೈಸೆನ್ಸ್ ಇಲ್ಲದೆ ಓಡಿಸಬೇಕಾಗುತ್ತದೆ ಎಂದರೆ ಮಾತ್ರ ಆ ಜಾಗ ಬೇಡ.

ಇದೇ ಬಗೆಯ ಇನ್ನೊಂದು ಕೆಲಸ ಪಿಗ್ಮಿ ಸಂಗ್ರಹ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಉಳಿತಾಯ ಸಂಗ್ರಹಿಸಲು ಆರಂಭಿಸಿದ ಈ ಪದ್ಧತಿ ಇಂದಿಗೂ ನಮ್ಮ ಸೊಸೈಟಿಗಳಲ್ಲಿ ಜೀವಂತವಾಗಿದೆ. ಪಿಗ್ಮಿ ಕಟ್ಟುವ ಅಂಗಡಿ ಯಾವ ವಾರದಿಂದ ‘ನಾಳೆ ಬಾ’ ಎನ್ನಲು ಶುರುಮಾಡಿತು ಎಂಬುದರಿಂದ ಆ ಅಂಗಡಿಯ ಆರೋಗ್ಯ ಊರಿಗಿಂತ ಮೊದಲು ಸಂಗ್ರಾಹಕರಿಗೆ ತಿಳಿದಿರುತ್ತದೆ. ಅನುಭವಸ್ಥ ಸಂಗ್ರಾಹಕರ ಜೊತೆ ಹತ್ತು ದಿನ ಓಡಾಡಿದರೆ ಸಾಕು. ಬೇರೆಯವರ ಉಳಿತಾಯದ ಹಣದ ಹೊಣೆಯನ್ನು ವಿದ್ಯಾರ್ಥಿ ಒಬ್ಬನೇ ಹೊರುವುದು ಬೇಡ.

ಆಡಿಟರ್ ಕಚೇರಿ

ಪೋಷಕರಿಗೆ ಹೆಚ್ಚು ಇಷ್ಟವಾಗುವ ಆಯ್ಕೆ ಇದು, ಮತ್ತು ಅದಕ್ಕೆ ಕಾರಣವೂ ಇದೆ. ಒಂದೇ ಕಡೆ ಕುಳಿತು ಐವತ್ತು ವ್ಯವಹಾರಗಳ ಲೆಕ್ಕ ನೋಡುವ ಅವಕಾಶ ಬೇರೆಲ್ಲೂ ಇಲ್ಲ: ಹಾರ್ಡ್‌ವೇರ್ ಅಂಗಡಿ, ಕಲ್ಯಾಣ ಮಂಟಪ, ಮೆಡಿಕಲ್ ಶಾಪ್, ಮಂಡಕ್ಕಿ ಭಟ್ಟಿ, ಎಲ್ಲವೂ ಕಡತಗಳಾಗಿ ಸಾಲಾಗಿ ನಿಂತಿರುತ್ತವೆ. ಮಾಸಿಕ ರಿಟರ್ನ್ ಸಲ್ಲಿಸುವವರಿಗೆ ಮಾರಾಟದ ವಿವರವಾದ ಜಿಎಸ್‌ಟಿಆರ್-1 ಮುಂದಿನ ತಿಂಗಳ 11ನೇ ತಾರೀಕಿನೊಳಗೆ, ತೆರಿಗೆ ಕಟ್ಟುವ ಸಾರಾಂಶವಾದ ಜಿಎಸ್‌ಟಿಆರ್-3ಬಿ 20ನೇ ತಾರೀಕಿನೊಳಗೆ ಹೋಗಬೇಕಾದ್ದರಿಂದ ಕಚೇರಿಯ ಉಸಿರಾಟವೇ ಈ ಎರಡು ತಾರೀಕುಗಳ ಮೇಲೆ ನಿಂತಿರುತ್ತದೆ. ನಡುವೆ 14ರಂದು ಜಿಎಸ್‌ಟಿಆರ್-2ಬಿ, ಅಂದರೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ, ಸಿದ್ಧವಾಗುತ್ತದೆ. ಖರೀದಿ ಬಿಲ್ಲುಗಳನ್ನು ಅದರ ಜೊತೆ ಒಂದೊಂದಾಗಿ ತಾಳೆ ನೋಡುವ ಕೆಲಸ ಸಾಮಾನ್ಯವಾಗಿ ಹೊಸಬರ ಪಾಲಿಗೆ ಬರುತ್ತದೆ. ಬೇಸರದ ಕೆಲಸವೆಂದು ಅದನ್ನು ಕೀಳಾಗಿ ಕಾಣಬಾರದು. ಮಾರಿದವರು ತಮ್ಮ ರಿಟರ್ನಿನಲ್ಲಿ ತೋರಿಸದ ಬಿಲ್ಲಿಗೆ ಕೊಂಡವರು ತೆರಿಗೆ ಜಮೆ ಕಳೆದುಕೊಳ್ಳುತ್ತಾರೆ ಎಂಬ ಸತ್ಯ ಅಲ್ಲಿ ಬಿಲ್ಲು ನಂಬರಿನ ಸಮೇತ ಎದುರಾಗುತ್ತದೆ.

ಬಿಲ್ಲುಗಳು ಬರುವ ರೀತಿಯನ್ನೂ ಹೇಳಬೇಕು. ಬಟ್ಟೆ ಅಂಗಡಿಯ ಕೈಚೀಲವೊಂದರಲ್ಲಿ ಮೂರು ತಿಂಗಳ ಬಿಲ್ಲುಗಳು ಒಟ್ಟಿಗೆ ಬಂದು ಮೇಜಿನ ಮೇಲೆ ಸುರಿಯುತ್ತವೆ. ಪೆಟ್ರೋಲ್ ಬಂಕಿನ ಥರ್ಮಲ್ ಕಾಗದದ ಚೀಟಿಗಳಲ್ಲಿ ಅಕ್ಷರ ಮಾಸಿ ಬಿಳಿ ಕಾಗದವಷ್ಟೇ ಉಳಿದಿರುತ್ತದೆ. ಅವುಗಳನ್ನು ತಾರೀಕಿನಂತೆ ಜೋಡಿಸಿ, ಓದಲಾಗದ್ದನ್ನು ಪಟ್ಟಿ ಮಾಡಿ, ಕಕ್ಷಿದಾರರಿಗೆ ಫೋನು ಮಾಡಿ ಕೇಳುವಾಗ ಅವರ ವ್ಯವಹಾರ ಎಷ್ಟು ಅಚ್ಚುಕಟ್ಟು, ಎಷ್ಟು ಅಡ್ಡಾದಿಡ್ಡಿ ಎಂಬುದು ಬಿಲ್ಲಿಗಿಂತ ಚೆನ್ನಾಗಿ ಆ ಚೀಲದಿಂದಲೇ ತಿಳಿಯುತ್ತದೆ. ಕೆಲಸವೆಲ್ಲ ಟ್ಯಾಲಿಯಲ್ಲಿ ನಡೆಯುತ್ತದೆ. 1986ರಲ್ಲಿ ಶುರುವಾದ ಆ ಕಂಪನಿಯ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ ಎಂಬುದು ದಿನವಿಡೀ ಅದನ್ನೇ ಒತ್ತುವ ಹಲವರಿಗೆ ಗೊತ್ತಿರುವುದಿಲ್ಲ.

ಆದರೂ ಆಡಿಟರ್ ಕಚೇರಿಯಲ್ಲಿ ನೀವು ನೋಡುವುದು ಮುಗಿದುಹೋದ ವ್ಯವಹಾರವನ್ನು. ಬೆಲೆಯ ಚೌಕಾಸಿ, ಗಿರಾಕಿಯ ಮುಖ, ಮಾಲು ಬೇಡವೆಂದು ವಾಪಸ್ಸು ಕಳಿಸಿದ ಕಾರಣ ಇವು ಬಿಲ್ಲಿನಲ್ಲಿ ಇರುವುದಿಲ್ಲ. ಖರೀದಿ ದರ ಕಾಣುತ್ತದೆ, ಉದ್ರಿಯ ಮೊತ್ತ ಕಾಣುತ್ತದೆ, ಅದು ಯಾಕೆ ಕೊಟ್ಟದ್ದು ಎಂಬುದು ಕಾಣುವುದಿಲ್ಲ. ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ ಕೊಡಬೇಕಾದ ಹಣವನ್ನು ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನಗಳೊಳಗೆ ಕೊಡದೆ ವರ್ಷಾಂತ್ಯಕ್ಕೆ ಬಾಕಿ ಉಳಿಸಿಕೊಂಡರೆ ಆ ಖರ್ಚನ್ನು ಆ ವರ್ಷದ ಆದಾಯದಲ್ಲಿ ಕಳೆಯಲು ಬರುವುದಿಲ್ಲ ಎಂಬ ನಿಯಮ ಬಂದ ಮೇಲೆ ಮಾರ್ಚ್ ತಿಂಗಳಲ್ಲಿ ಊರಿನ ವರ್ತಕರು ಹೇಗೆ ಹಣ ಹೊಂದಿಸಲು ಓಡಾಡುತ್ತಾರೆ ಎಂಬುದನ್ನು ಕಚೇರಿಯಲ್ಲಿ ಕುಳಿತವರು ಅಂಕಿಯಾಗಿ ನೋಡುತ್ತಾರೆ, ಅಂಗಡಿಯಲ್ಲಿದ್ದವರು ಓಡಾಟವಾಗಿ ನೋಡುತ್ತಾರೆ.

ಸಿ.ಎ. ಮಾಡುವ ಉದ್ದೇಶವುಳ್ಳವರು ಒಂದು ವಿಷಯ ಗಮನಿಸಬೇಕು. ಬೇಸಿಗೆ ರಜೆಯಲ್ಲಿ ಆಡಿಟರ್ ಬಳಿ ಮಾಡುವ ಎರಡು ತಿಂಗಳ ಕೆಲಸಕ್ಕೂ ಸಿ.ಎ. ಆಗಲು ಮಾಡಲೇಬೇಕಾದ ತರಬೇತಿಯಾದ ಆರ್ಟಿಕಲ್‌ಶಿಪ್‌ಗೂ ಸಂಬಂಧವಿಲ್ಲ. 2023ರ ಜುಲೈನಲ್ಲಿ ಬಂದ ಹೊಸ ಪದ್ಧತಿಯಂತೆ ಆರ್ಟಿಕಲ್‌ಶಿಪ್ ಎರಡು ವರ್ಷದ್ದು, ಇಂಟರ್‌ಮೀಡಿಯೆಟ್‌ನ ಎರಡೂ ಗ್ರೂಪ್ ಮುಗಿಸಿದ ಮೇಲೆ ಶುರುವಾಗುವಂಥದ್ದು. ಹೇಗೂ ಮುಂದೆ ಎರಡು ವರ್ಷ ಕಡತಗಳ ನಡುವೆಯೇ ಇರಬೇಕಾದ ವಿದ್ಯಾರ್ಥಿ ಪದವಿಯ ಬಿಡುವನ್ನೂ ಅಲ್ಲೇ ಕಳೆಯುವುದಕ್ಕಿಂತ ಏಜೆನ್ಸಿಯ ಗಾಡಿ ಹತ್ತುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಇದನ್ನು ಒಪ್ಪದ ಸಹೋದ್ಯೋಗಿಗಳೂ ಇದ್ದಾರೆ.

ಕಂಪನಿಯ ಇಂಟರ್ನ್‌ಶಿಪ್ ಮತ್ತು ಸರ್ಕಾರದ ಯೋಜನೆಗಳು

ಬೆಂಗಳೂರಿನ ಕಂಪನಿಯೊಂದರಲ್ಲಿ ಆರು ವಾರ ಕಳೆದರೆ ಇಮೇಲ್ ಬರೆಯುವ ರೀತಿ, ಸಭೆಯಲ್ಲಿ ಮಾತಾಡುವ ಕ್ರಮ, ಎಕ್ಸೆಲ್‌ನಲ್ಲಿ ಸಾವಿರ ಸಾಲುಗಳನ್ನು ಪಳಗಿಸುವ ಕೌಶಲ, ಸಮಯಪಾಲನೆ ಇವು ಬರುತ್ತವೆ. ಕೆಲಸ ಹುಡುಕುವಾಗ ಇವುಗಳ ಬೆಲೆ ಸಣ್ಣದಲ್ಲ. ಆದರೆ ನನ್ನ ಮೂರು ಪ್ರಶ್ನೆಗಳಿಗೆ ಇಲ್ಲಿ ಸಿಗುವ ಉತ್ತರ ಬಡವಾಗಿದೆ. ದೊಡ್ಡ ಸಂಸ್ಥೆಯಲ್ಲಿ ಕೆಲಸ ಹೋಳುಹೋಳಾಗಿರುತ್ತದೆ. ಮಾರಾಟಗಾರರ ಪಟ್ಟಿ ಪರಿಶೀಲಿಸುವವರಿಗೆ ದರ ತಿಳಿಯುವುದಿಲ್ಲ, ದರ ತಿಳಿದವರು ಇಂಟರ್ನ್ ಜೊತೆ ಮಾತಾಡುವುದಿಲ್ಲ. ವರದಿಗಳಲ್ಲಿ ಕಂಪನಿಯ ಇತಿಹಾಸ, ಧ್ಯೇಯ, ದೃಷ್ಟಿ, ಸ್ವಾಟ್ ವಿಶ್ಲೇಷಣೆ ಇವು ವೆಬ್‌ಸೈಟಿನಿಂದ ಹಾಗೆಯೇ ಇಳಿದಿರುತ್ತವೆ, ಒಮ್ಮೆ ಇಬ್ಬರು ವಿದ್ಯಾರ್ಥಿಗಳ ವರದಿಯಲ್ಲಿ ಅಕ್ಷರದೋಷವೂ ಒಂದೇ ಆಗಿತ್ತು.

ಖರ್ಚಿನ ಲೆಕ್ಕವನ್ನೂ ಮೊದಲೇ ಹಾಕಬೇಕು. ಹೊರಗಿನ ಊರಿನಿಂದ ಬೆಂಗಳೂರಿಗೆ ಹೋದರೆ ಪಿ.ಜಿ.ಯ ಬಾಡಿಗೆ, ಊಟ, ಬಸ್ಸು ಸೇರಿ ತಿಂಗಳಿಗೆ ಆಗುವ ಖರ್ಚು ಬಹುಪಾಲು ಇಂಟರ್ನ್‌ಶಿಪ್‌ಗಳ ಭತ್ಯೆಗಿಂತ ಹೆಚ್ಚು. ಹಾಗೆಂದು ಹೋಗಬಾರದೆಂದಲ್ಲ, ಅದನ್ನು ಶುಲ್ಕವೆಂದು ತಿಳಿದು ಹೋಗಬೇಕು.

ಪದವಿ ಮುಗಿದವರಿಗೆ ಎರಡು ದಾರಿಗಳಿವೆ. 1961ರ ಅಪ್ರೆಂಟಿಸ್ ಕಾಯ್ದೆಯಡಿಯ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ ಪದವೀಧರರಿಗೆ ಕನಿಷ್ಠ ಭತ್ಯೆಯನ್ನು 2019ರ ನಿಯಮಗಳು ತಿಂಗಳಿಗೆ 9,000 ರೂಪಾಯಿ ಎಂದು ನಿಗದಿ ಮಾಡಿದವು, ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಇನ್ನೊಂದು 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ. ಆರಂಭದ ನಿಯಮದಂತೆ 21ರಿಂದ 24 ವರ್ಷದೊಳಗಿನವರಿಗೆ, ದೊಡ್ಡ ಕಂಪನಿಗಳಲ್ಲಿ 12 ತಿಂಗಳು, ತಿಂಗಳಿಗೆ 5,000 ರೂಪಾಯಿ, ಜೊತೆಗೆ ಒಮ್ಮೆ ಮಾತ್ರ 6,000 ರೂಪಾಯಿ. ಪೂರ್ಣಾವಧಿ ಓದಿನಲ್ಲಿ ಇರುವವರಿಗೆ ಆ ನಿಯಮದಲ್ಲಿ ಅವಕಾಶವಿರಲಿಲ್ಲ, ಆದ್ದರಿಂದ ಐದನೇ ಸೆಮಿಸ್ಟರಿನ ಹೊತ್ತಿಗೆ ಅದನ್ನು ನಂಬಿ ಕೂರಬಾರದು. ಅರ್ಜಿ ಹಾಕುವ ದಿನದ ಷರತ್ತನ್ನು ಪೋರ್ಟಲ್‌ನಲ್ಲೇ ಓದಬೇಕು.

ಇನ್ನು ಹಣ ಕೊಟ್ಟು ಪಡೆಯುವ ‘ವರ್ಚುವಲ್ ಇಂಟರ್ನ್‌ಶಿಪ್’ಗಳು. ಎರಡು ಸಾವಿರ ಕಟ್ಟಿದರೆ ನಾಲ್ಕು ವಿಡಿಯೊ, ಒಂದು ಪ್ರಶ್ನಪತ್ರಿಕೆ, ಕೊನೆಗೆ ಹೊಳೆಯುವ ಪ್ರಮಾಣಪತ್ರ. ನಮ್ಮ ಒಂದು ತರಗತಿಯ ಹನ್ನೊಂದು ಮಂದಿ ಒಂದೇ ವಾರದಲ್ಲಿ ಒಂದೇ ಪ್ರಮಾಣಪತ್ರ ತಂದಿದ್ದರು. ಇವುಗಳನ್ನು ಹೋಲಿಕೆಗೆ ತೆಗೆದುಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ.

ಸ್ವಂತ ಸಣ್ಣ ವ್ಯಾಪಾರ

ಮೂರನೇ ಪ್ರಶ್ನೆಗೆ, ಅಂದರೆ ತಪ್ಪಿನ ಬೆಲೆಗೆ, ಇದಕ್ಕಿಂತ ನೇರವಾದ ಉತ್ತರವಿಲ್ಲ. ಮೈಸೂರು ಸೀಮೆಯಷ್ಟು ಅಲ್ಲದಿದ್ದರೂ ನಮ್ಮ ಕಡೆಯೂ ಸಂಕ್ರಾಂತಿಗೆ ಎಳ್ಳು-ಬೆಲ್ಲದ ಪೊಟ್ಟಣಗಳು ಮಾರಾಟವಾಗುತ್ತವೆ. ಇಬ್ಬರು ವಿದ್ಯಾರ್ಥಿನಿಯರು ಹತ್ತು ಕಿಲೋ ಮಾಡಿ ಮಾರಿದ ಲೆಕ್ಕವನ್ನು ನನ್ನ ಮುಂದೆ ಇಟ್ಟಿದ್ದರು. ಅರ್ಥ ಮಾಡಿಕೊಳ್ಳಲು ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿ ಕೊಡುತ್ತಿದ್ದೇನೆ.

ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜ ಸೇರಿ ಹತ್ತು ಕಿಲೋಗೆ 2,000 ರೂಪಾಯಿ. ನೂರು ಗ್ರಾಮಿನ ಪೊಟ್ಟಣ ನೂರು ಆಗುತ್ತದೆ, ಒಂದಕ್ಕೆ 20 ರೂಪಾಯಿ ಬಿತ್ತು, 30ಕ್ಕೆ ಮಾರಿದರೆ 1,000 ರೂಪಾಯಿ ಲಾಭ ಎಂದು ಮನೆಯಲ್ಲಿ ಕೂತು ಬರೆದಿದ್ದರು. ಕೊಬ್ಬರಿಯ ಕಂದು ಸಿಪ್ಪೆ ಹೆರೆದರು, ಕಡಲೆಬೀಜ ಹುರಿದು ಹೊಟ್ಟು ತೂರಿದರು, ಬೆಲ್ಲ ತುಂಡು ಮಾಡುವಾಗ ಪುಡಿ ಉದುರಿತು. ತೂಕಕ್ಕೆ ಇಟ್ಟಾಗ ಹತ್ತು ಕಿಲೋ ಒಂಬತ್ತಾಗಿತ್ತು. ಅಲ್ಲಿಗೆ ಪೊಟ್ಟಣ ತೊಂಬತ್ತು. ಕವರು ಮತ್ತು ಸ್ಟಿಕರ್‌ಗೆ ಒಂದಕ್ಕೆ 2 ರೂಪಾಯಿಯಂತೆ 180, ಆಟೋಗೆ 200, ಒಟ್ಟು ಖರ್ಚು 2,380. ಹಬ್ಬದ ಹಿಂದಿನ ಸಂಜೆಯವರೆಗೆ 70 ಪೊಟ್ಟಣ ಹೋದವು, 2,100 ರೂಪಾಯಿ ಬಂತು. ಹಬ್ಬ ಕಳೆದ ಮರುದಿನ ಎಳ್ಳು-ಬೆಲ್ಲ ಯಾರಿಗೆ ಬೇಕು? ಉಳಿದ ಇಪ್ಪತ್ತನ್ನು ಅರ್ಧ ಬೆಲೆಗೆ ಹಾಸ್ಟೆಲಿನಲ್ಲಿ ಮಾರಿ 300 ಪಡೆದರು. ಒಟ್ಟು 2,400 ಬಂದು 20 ರೂಪಾಯಿ ಉಳಿಯಿತು, ಇಬ್ಬರ ಮೂರು ಸಂಜೆಯ ದುಡಿಮೆಗೆ ಕೂಲಿ ಹಾಕದೆ.

ಆ ಇಪ್ಪತ್ತು ರೂಪಾಯಿಯ ಒಳಗೆ ತೂಕದ ಇಳಿತ, ಪ್ಯಾಕಿಂಗ್, ಸಾಗಣೆ, ಉಳಿದ ಮಾಲಿನ ಬೆಲೆಯಿಳಿಕೆ, ಸ್ವಂತ ಶ್ರಮದ ಬೆಲೆ ಎಂಬ ಐದು ಅಧ್ಯಾಯಗಳಿವೆ. ಮುಂದಿನ ವರ್ಷ ಅವರು ಬಡಾವಣೆಯ ಮನೆಗಳಿಂದ ಮುಂಗಡ ಆರ್ಡರ್ ಬರೆದುಕೊಂಡು ಅಷ್ಟನ್ನೇ ಮಾಡಿದರು, ಬೆಲೆಯನ್ನು 40ಕ್ಕೆ ಏರಿಸಿದರು. ಆರ್ಡರ್ ಹಿಡಿದು ಮಾಡಿದ್ದರಿಂದ ಮಾಲು ಉಳಿಯಲಿಲ್ಲ. ಆ ವರ್ಷದ ಲಾಭದ ಅಂಕಿ ನನಗೆ ಅವರು ಹೇಳಲಿಲ್ಲ. ವ್ಯಾಪಾರ ಕಲಿತ ಲಕ್ಷಣ ಅದೂ ಹೌದು.

ಇದಕ್ಕೆ ಹಾಕುವ ಬಂಡವಾಳ ಪೂರ್ತಿ ಮುಳುಗಿದರೂ ಮನೆಯವರಿಗೆ ಹೊರೆಯಾಗದಷ್ಟು ಇರಬೇಕು. ಎರಡರಿಂದ ಐದು ಸಾವಿರ ಸಾಕು. ಆಹಾರ ಪದಾರ್ಥವನ್ನು ಮುಂದುವರಿಸಿ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ಮೂಲ ನೋಂದಣಿ ಮಾಡಿಸಿಕೊಳ್ಳಲೇಬೇಕು, ಅದರ ಶುಲ್ಕ ದೊಡ್ಡದಲ್ಲ. ಯುಪಿಐ ಹಣ ತಂದೆಯ ಖಾತೆಗೆ ಒಮ್ಮೆ, ಗೆಳತಿಯ ಖಾತೆಗೆ ಒಮ್ಮೆ ಬೀಳುವಂತೆ ಬಿಡದೆ ವ್ಯಾಪಾರಕ್ಕೆಂದೇ ಒಂದು ಖಾತೆ ಇಡಬೇಕು. 2025ರ ಜುಲೈನಲ್ಲಿ ಯುಪಿಐ ಜಮೆಯ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಹೋದಾಗ, ಮನೆಯ ಹಣ ಯಾವುದು, ಸಾಲ ವಾಪಸ್ಸು ಬಂದದ್ದು ಯಾವುದು, ಮಾರಾಟದ ಹಣ ಯಾವುದು ಎಂದು ಬಿಡಿಸಿ ಹೇಳಲಾಗದೆ ಕಷ್ಟಪಟ್ಟವರು ಹಲವರು. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷದ ನೋಂದಣಿ ಮಿತಿ ವಿದ್ಯಾರ್ಥಿಯ ಪೊಟ್ಟಣಗಳಿಗೆ ಬಹಳ ದೂರದ್ದು, ಆದರೂ ಅಭ್ಯಾಸ ಚಿಕ್ಕದಿದ್ದಾಗಲೇ ಆಗಬೇಕು.

ಈ ದಾರಿಯ ದೌರ್ಬಲ್ಯವೆಂದರೆ ತಿದ್ದುವವರು ಇಲ್ಲದಿರುವುದು. ಅಂಗಡಿಯಲ್ಲಿ ಸಾವ್ಕಾರರಿದ್ದಾರೆ, ಕಚೇರಿಯಲ್ಲಿ ಆಡಿಟರ್ ಇದ್ದಾರೆ, ಇಲ್ಲಿ ಸೋತರೆ ಯಾಕೆ ಸೋತೆವು ಎಂದು ಹೇಳುವವರಿಲ್ಲ. ಲೆಕ್ಕವನ್ನು ತಂದು ತೋರಿಸಲು ಒಬ್ಬ ಅಧ್ಯಾಪಕರನ್ನೋ ಪರಿಚಯದ ವರ್ತಕರನ್ನೋ ಮೊದಲೇ ಒಪ್ಪಿಸಿಕೊಳ್ಳದಿದ್ದರೆ ಇದು ಬರೀ ಹಬ್ಬದ ಸಂಭ್ರಮವಾಗಿ ಮುಗಿಯುತ್ತದೆ.

ಮನೆಯದೇ ಅಂಗಡಿ ಇದ್ದರೆ

ಅಪ್ಪನ ಅಂಗಡಿಯಲ್ಲಿ ಎಲ್ಲ ದರಗಳೂ ತಿಳಿಯುತ್ತವೆ, ಎಲ್ಲ ಉದ್ರಿಯೂ ಕಾಣುತ್ತದೆ, ಆದರೆ ತಪ್ಪಿಗೆ ಬೆಲೆಯಿಲ್ಲ. ಮಗ ಮಾಡಿದ ನಷ್ಟ ಮನೆಯ ಖರ್ಚಿನಲ್ಲಿ ಕರಗುತ್ತದೆ. ಅದಕ್ಕಿಂತ ಮುಖ್ಯವಾಗಿ, ‘ನಮ್ಮಲ್ಲಿ ಹೀಗೇ ನಡೆಯುವುದು’ ಎಂಬ ಮಾತಿಗೆ ಎದುರು ಪ್ರಶ್ನೆ ಕೇಳಲು ಬೇರೆ ಅಂಗಡಿ ನೋಡಿರಬೇಕಾಗುತ್ತದೆ. ಅಂಥವರು ಇಂಟರ್ನ್‌ಶಿಪ್ ಅವಧಿಯನ್ನು ಬೇರೆ ವ್ಯಾಪಾರದಲ್ಲಿ ಕಳೆಯಲಿ. ಮಲೆನಾಡಿನ ಅಡಿಕೆ ಬೆಳೆಗಾರರ ಮಕ್ಕಳು ಶಿರಸಿ, ಶಿವಮೊಗ್ಗದ ಸಹಕಾರಿ ಸಂಘಗಳ ಟೆಂಡರ್ ಅಂಗಳದಲ್ಲಿ, ಇಲ್ಲವೇ 1973ರಿಂದ ಅಡಿಕೆ ವ್ಯವಹಾರ ಮಾಡುತ್ತಿರುವ ಕ್ಯಾಂಪ್ಕೋದ ಖರೀದಿ ಕೇಂದ್ರಗಳಲ್ಲಿ ಕೆಲವು ದಿನ ನಿಂತರೂ ಸಾಕು. ರಾಶಿ, ಬೆಟ್ಟೆ, ಸರಕು ಎಂದು ಒಂದೇ ಮರದ ಕಾಯಿ ಬೇರೆಬೇರೆ ದರಕ್ಕೆ ಹೋಗುವುದನ್ನು ತೋಟದ ಕಡೆಯಿಂದಲ್ಲ, ಕೊಳ್ಳುವವರ ಕಡೆಯಿಂದ ನೋಡಿದಂತಾಗುತ್ತದೆ.

ಆಯ್ಕೆಗೆ ಬರುವಾಗ

ನಿಮಗೆ ಸಿಗುವ ಕಾಲವೆಷ್ಟು ಎಂಬುದು ಅರ್ಧ ತೀರ್ಮಾನ ಮಾಡುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಆರು ತಿಂಗಳು ಸಿಗುವುದಾದರೆ ಅಂಗಡಿ. ರಜೆಯ ಎರಡು ತಿಂಗಳು ಪೂರ್ತಿ ಸಿಗುವುದಾದರೆ ಏಜೆನ್ಸಿ. ತಿಂಗಳ 8ರಿಂದ 20ರವರೆಗೆ ಒತ್ತಡ ತಡೆದುಕೊಳ್ಳಲು ಪರೀಕ್ಷೆ ಅಡ್ಡ ಬಾರದಿದ್ದರೆ ಆಡಿಟರ್ ಕಚೇರಿ. ಬ್ಯಾಂಕು, ಕಂಪನಿಗಳ ನೌಕರಿಯೇ ಗುರಿಯಾಗಿದ್ದು ಅದಕ್ಕೆ ಅನುಭವದ ಪತ್ರ ಬೇಕಿದ್ದರೆ ಕಂಪನಿಗೆ ಹೋಗುವುದು ತಪ್ಪಲ್ಲ, ಆದರೆ ಅದಕ್ಕೆ ಮೊದಲು ಒಂದು ಹಬ್ಬದಲ್ಲಾದರೂ ಏನನ್ನಾದರೂ ಮಾರಿ ನೋಡಿ.

ವಿದ್ಯಾರ್ಥಿನಿಯರು ಎದುರಿಸುವ ತೊಡಕು ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ಸಿನ ಖರ್ಚು ಇಲ್ಲದಿರುವುದರಿಂದ ಹಳ್ಳಿಯಿಂದ ಬರುವವರೂ ಊರಿನಲ್ಲಿ ಕೆಲಸ ಮಾಡುವುದು ಸುಲಭವಾಗಿದೆ, ಆದರೆ ಸಂಜೆಯ ಕೊನೆಯ ಬಸ್ಸಿನ ಹೊತ್ತಿಗೇ ಅಂಗಡಿಗೆ ಗಿರಾಕಿ ಬರುತ್ತಾರೆ. ಬೆಳಿಗ್ಗೆಯೇ ಬಿರುಸಾಗುವ ವ್ಯಾಪಾರಗಳನ್ನು, ಉದಾಹರಣೆಗೆ ತರಕಾರಿಯ ಸಗಟು, ಹೂವಿನ ಮಾರುಕಟ್ಟೆ, ಏಜೆನ್ಸಿಯ ಬಿಲ್ಲಿಂಗ್ ವಿಭಾಗ, ಇವುಗಳನ್ನು ನೋಡಬಹುದು. ಶೌಚಾಲಯ ಇದೆಯೇ, ಜೊತೆಗೆ ಇನ್ನೊಬ್ಬ ಮಹಿಳೆ ಕೆಲಸ ಮಾಡುತ್ತಾರೆಯೇ ಎಂದು ಕೇಳಲು ಸಂಕೋಚ ಪಡಬೇಕಾಗಿಲ್ಲ.

ಸಂಬಳದ ಬಗ್ಗೆ ನನ್ನ ನಿಲುವು ಇದು: ಕಲಿಸುವುದಾದರೆ ಭತ್ಯೆ ಕಡಿಮೆಯಿದ್ದರೂ ಸರಿ, ಆಳಿನಂತೆ ದುಡಿಸುವುದಾದರೆ ಆಳಿನ ಕೂಲಿಯನ್ನೇ ಕೊಡಬೇಕು. ಎರಡರ ನಡುವಿನ ಗೆರೆ ಎರಡನೇ ವಾರದ ಕೊನೆಗೆ ಸ್ಪಷ್ಟವಾಗುತ್ತದೆ. ಅಂದು ಮಾಲೀಕರನ್ನು, “ಸಾವ್ಕಾರ್ರೇ, ಮುಂದಿನ ಸಲ ಸ್ಟಾಕ್ ಎಣಿಸುವಾಗ ನಾನೂ ಜೊತೆಗೆ ಬರಲಾ?” ಎಂದು ಕೇಳಿ. ಬಾ ಎಂದರೆ ಉಳಿದುಕೊಳ್ಳಿ. ಎರಡು ಸಲ ಮುಂದೂಡಿದರೆ ಆ ತಿಂಗಳ ಭತ್ಯೆ ಪಡೆದು, ಮರ್ಯಾದೆಯಿಂದ ಹೇಳಿ, ಬೇರೆ ಜಾಗ ನೋಡಿಕೊಳ್ಳಿ. ಒಂದು ಇನ್ನೂರು ಪುಟದ ನೋಟ್‌ಬುಕ್ ಮೊದಲ ದಿನದಿಂದಲೇ ಜೊತೆಗಿರಲಿ: ಎಡಪುಟದಲ್ಲಿ ಆ ದಿನ ಕಂಡ ದರ, ಬಂದ ಮಾಲು, ಹೋದ ಉದ್ರಿ, ಬಲಪುಟದಲ್ಲಿ ಅರ್ಥವಾಗದೆ ಉಳಿದ ಪ್ರಶ್ನೆ. ವರದಿ ಬರೆಯುವ ಹೊತ್ತಿಗೆ ನಾನು ಕೇಳುವುದು ಬಲಪುಟಗಳನ್ನೇ.